ದಾರಿ ಕಾಯುವ ಗಂಟೆ: ತೋಟದ ಮನೆಗೆ ಹಾಕಿಸಿದ ವಾಹನ ಸೆನ್ಸರ್ ಹೇಗಿದೆ?

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಗಂಟೆ ಕೆಲಸ ಮಾಡುತ್ತದೆ. ಆದರೆ ಅದು ಹೇಳುವುದು ಅರ್ಧ ಸುದ್ದಿ. "ಏನೋ ಬಂತು" ಅನ್ನುತ್ತದೆ, ಅಷ್ಟೇ. ಬಂದದ್ದು ಯಾರು, ನಮ್ಮನೆಗೇ ಬರುವವರಾ ಇಲ್ಲ ಮೇಲಿನ ಮನೆಗಾ, ಹೊಸಬರಾ ಹಳಬರಾ ಅನ್ನುವುದನ್ನೆಲ್ಲ ಅಮ್ಮ ಒಲೆ ಮುಂದೆ ನಿಂತೇ ಹೇಳುತ್ತಾರೆ, ಅದೂ ಸೆಲ್ ಇಲ್ಲದೆ, ರೀಚಾರ್ಜ್ ಇಲ್ಲದೆ. ಹಾಗಿದ್ದರೂ ಐದರಲ್ಲಿ ಮೂರೂವರೆ ಕೊಡುತ್ತೇನೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ವಸ್ತು ಏನು ಅಂದರೆ, ಆನ್‌ಲೈನ್‌ನಲ್ಲಿ 'ಡ್ರೈವ್‌ವೇ ಅಲಾರ್ಮ್' ಅಂತ ಹುಡುಕಿದರೆ ಸಿಗುವ ಜೋಡಿ. ದಾರಿ ಬದಿಯ ಮರಕ್ಕೋ ಕಂಬಕ್ಕೋ ಹೊಡೆಯುವ ಸೆನ್ಸರ್ ಒಂದು, ಮನೆಯೊಳಗೆ ಪ್ಲಗ್ಗಿಗೆ ಸಿಕ್ಕಿಸುವ ಗಂಟೆ ಒಂದು. ಗಾಡಿಯೋ ಮನುಷ್ಯರೋ ಮುಂದೆ ಹಾದರೆ ಸೆನ್ಸರ್ ರೇಡಿಯೊ ಸಿಗ್ನಲ್ ಕಳಿಸುತ್ತದೆ, ಒಳಗೆ ಟಿಂಗ್ ಟಾಂಗ್. ಇಂಟರ್‌ನೆಟ್ ಬೇಡ, ಸಿಮ್ ಬೇಡ, ಆ್ಯಪ್ ಬೇಡ. ಬೆಲೆ ಎರಡು ಸಾವಿರದ ಆಸುಪಾಸು. ಕಂಪನಿ ಹೆಸರು ಬರೆಯುವುದಿಲ್ಲ. ಇಂಥವು ಹತ್ತಾರು ಹೆಸರಿನಲ್ಲಿ ಬರುತ್ತವೆ, ಡಬ್ಬಿ ಬೇರೆ, ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ಇದರ ಜೊತೆಗೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಒಂದನ್ನೂ ಗೇಟಿಗೆ ಹಾಕಿಸಿದ್ದೇವೆ. ಒಂದು ಅಡಿಕೆ ಸೀಸನ್ನು, ಒಂದು ಪೂರ್ತಿ ಮಳೆಗಾಲ ಎರಡನ್ನೂ ನೋಡಿಯಾಯಿತು.

ನಮ್ಮದು ಕೊಪ್ಪ ತಾಲ್ಲೂಕಿನ ಒಳಗಿನ ಊರು. ಟಾರು ರಸ್ತೆಯಿಂದ ಇಳಿದರೆ ಮಣ್ಣು ದಾರಿ, ಒಂದು ಏರು, ಒಂದು ತಿರುವು, ಆಮೇಲೆ ತೋಟದ ಅಂಚು ಹಿಡಿದು ಮನೆಗಳು. ಮನೆಗಳೂ ಬೆರಳೆಣಿಕೆ. ಹಗಲು ಹೊತ್ತು ಗಂಟೆಗೊಂದು ಗಾಡಿ ಬಂದರೆ ಜಾಸ್ತಿ. ಹಾಗಾಗಿ ಒಂದು ಗಾಡಿ ಟಾರು ಬಿಟ್ಟು ಮಣ್ಣಿಗೆ ಇಳಿಯಿತು ಅಂದರೆ ಎಲ್ಲ ಮನೆಯಲ್ಲೂ ಕಿವಿ ಆ ಕಡೆ ತಿರುಗುತ್ತದೆ. ಪೇಟೆಯವರು ಇದನ್ನು "ಹಳ್ಳಿಯವರಿಗೆ ಬೇರೆಯವರ ವಿಷಯ ಬೇಕು" ಅಂತ ನಗುತ್ತಾರೆ. ಇರಬಹುದು ಸ್ವಲ್ಪ. ಆದರೆ ಇಲ್ಲಿ ಗಾಡಿ ಅಂದರೆ ಗ್ಯಾಸ್ ಸಿಲಿಂಡರು, ಗಾಡಿ ಅಂದರೆ ಮೀನು, ಲೈನ್‌ಮ್ಯಾನು, ದನದ ಡಾಕ್ಟ್ರು, ಹೇಳದೆ ಬಂದ ನೆಂಟರು, ಕೆಲವೊಮ್ಮೆ ಕಳ್ಳರು. ಕೇಳಿಸಿಕೊಳ್ಳದಿದ್ದರೆ ಗ್ಯಾಸು ಮೇಲಿನ ಮನೆಗೆ ಕೊಟ್ಟು ವಾಪಸ್ ಹೋಗಿರುತ್ತದೆ, ಆಮೇಲೆ ಒಂದು ವಾರ ಕಾಯಿರಿ.

ಹಾಗಾದರೆ ಕಿವಿ ಇರುವಾಗ ಯಂತ್ರ ಯಾಕೆ ಬಂತು? ಮೂರು ಕಾರಣ. ಸೀಸನ್ನಿನಲ್ಲಿ ಅಡಿಕೆ ಸುಲಿಯುವ ಮೆಷಿನ್ ಶುರುವಾದರೆ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುವುದಿಲ್ಲ. ಅದೇ ಸಮಯದಲ್ಲಿ ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ, ಅಡಿಕೆ ಕಳವಿನ ಸುದ್ದಿ ಪ್ರತಿ ವರ್ಷ ಯಾವುದೋ ಊರಿನಿಂದ ಬಂದೇ ಬರುತ್ತದೆ. ಎರಡನೆಯದು, ಅಪ್ಪಯ್ಯನ ಕಿವಿ ಮೊದಲಿನಂತಿಲ್ಲ. ಮೂರನೆಯ ಕಾರಣ ಗಾಡಿಗಳದ್ದೇ. ಅವು ಮೊದಲಿನಷ್ಟು ಸದ್ದು ಮಾಡುವುದಿಲ್ಲ. ಇದಕ್ಕೆ ಆಮೇಲೆ ಬರುತ್ತೇನೆ, ಯಾಕಂದರೆ ನನ್ನ ಪ್ರಕಾರ ಇದೇ ಅಸಲಿ ಕಾರಣ.

ಯಾವ ವಸ್ತುವನ್ನಾದರೂ ಅಳೆಯುವಾಗ ಅದರ ಎದುರಾಳಿ ಯಾರು ಅಂತ ನೋಡಬೇಕು ಅಲ್ವಾ. ಈ ಸೆನ್ಸರ್‌ನ ಎದುರಾಳಿ ಬೇರೆ ಕಂಪನಿಯ ಸೆನ್ಸರ್ ಅಲ್ಲ, ಅಮ್ಮ. ಅವರು ಹೇಗೆ ಕಂಡುಹಿಡಿಯುತ್ತಾರೆ ಅಂತ ಗಮನಿಸಿ ಕೇಳಿದರೆ ಅದರಲ್ಲಿ ಮಂತ್ರ ಏನೂ ಇಲ್ಲ, ಲೆಕ್ಕ ಇದೆ. ನಮ್ಮ ಏರಿನ ಬುಡದಲ್ಲಿ ಪ್ರತಿಯೊಬ್ಬರೂ ಗೇರು ಇಳಿಸಲೇಬೇಕು. ದಿನಾ ಓಡಾಡುವವರು ಒಂದೇ ಜಾಗದಲ್ಲಿ ಇಳಿಸುತ್ತಾರೆ, ಏರು ಶುರುವಾಗುವ ಮೊದಲೇ. ಹೊಸಬರು ಏರಿನ ಮಧ್ಯಕ್ಕೆ ಬಂದು, ಗಾಡಿ ಉಸಿರು ಕಟ್ಟಿದ ಮೇಲೆ ಇಳಿಸುತ್ತಾರೆ. ಅಷ್ಟು ಸಾಕು. "ಯಾರೋ ಹೊಸಬ್ರು ಕಣಾ, ಮೆಟ್ಟಿಲ ಹತ್ರ ಚಪ್ಪಲಿ ಸರಿಮಾಡು" ಅನ್ನುವ ಹೊತ್ತಿಗೆ ಗಾಡಿ ಇನ್ನೂ ತಿರುವಿಗೂ ಬಂದಿರುವುದಿಲ್ಲ.

ಇನ್ನು ಗಾಡಿಗಳ ದನಿ. ಟಿವಿಎಸ್ ಎಕ್ಸೆಲ್ ಬಂದರೆ ಯಾರಿಗೆ ಗೊತ್ತಾಗುವುದಿಲ್ಲ ಹೇಳಿ. ಹಳೇ ಬುಲೆಟ್ಟು ಟಾರಿನಲ್ಲಿ ಇರುವಾಗಲೇ ಗೊತ್ತಾಗುತ್ತಿತ್ತು. ಯೆಜ್ಡಿ ಇದ್ದ ಕಾಲದಲ್ಲಂತೂ ತಾಲ್ಲೂಕಿಗೆ ಯಾರ ಯಾರ ಹತ್ತಿರ ಇದೆ ಅಂತ ಜನರಿಗೆ ಬಾಯಿಪಾಠ. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಯಮಹಾ ಆರ್‌ಎಕ್ಸ್ 100 ಬೈಕಿನ ತಯಾರಿ ನಿಂತದ್ದೂ ಅದೇ ವರ್ಷ. ಈ ಎರಡೂ ಟು ಸ್ಟ್ರೋಕ್ ಎಂಜಿನ್ನು. ಎಂಜಿನ್ ಒಂದು ಸುತ್ತು ತಿರುಗಿದರೆ ಒಂದು ಸಲ ಉರಿಯುತ್ತದೆ. ಈಗಿನ ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು ಸಲ. ಅದಕ್ಕೇ ಆ ಬಿಡುವಿಲ್ಲದ ಸದ್ದು ಬೇರೆ, ಈ ಬಿಟ್ಟು ಬಿಟ್ಟು ಬರುವ ಸದ್ದು ಬೇರೆ. ಅಪ್ಪಯ್ಯ ಇವತ್ತಿಗೂ ಟು ಸ್ಟ್ರೋಕ್ ಕೇಳಿದರೆ ಪೇಪರ್ ಕೆಳಗಿಡುತ್ತಾರೆ.

ಪಿಕಪ್ಪು, ಟಾಟಾ ಏಸು, ಗೂಡ್ಸ್ ಆಟೋ ಇವುಗಳದ್ದು ಇನ್ನೊಂದು ತರಹ. ಖಾಲಿ ಹೋಗುವಾಗ ಹಿಂದಿನ ಡಾಲಾ ದಡಬಡ ಅನ್ನುತ್ತದೆ, ಸರಪಳಿ ಕುಣಿಯುತ್ತದೆ. ಲೋಡು ಇದ್ದರೆ ಆ ಸದ್ದು ಸತ್ತು ಎಂಜಿನ್ನಿನ ನರಳಾಟ ಮಾತ್ರ ಕೇಳುತ್ತದೆ. ಗ್ಯಾಸ್ ಗಾಡಿ ಆದರೆ ಸಿಲಿಂಡರುಗಳೇ ತಾಳ ಹಾಕುತ್ತವೆ. ಈಗ ಯೋಚನೆ ಮಾಡಿ: ರಾತ್ರಿ ಹೊತ್ತಿನಲ್ಲಿ ಒಂದು ಪಿಕಪ್ಪು ದಡಬಡ ಅಂತ ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಸದ್ದಿಲ್ಲದೆ ಭಾರವಾಗಿ ಹೊರಗೆ ಬಂದರೆ ಏನೋ ತುಂಬಿಕೊಂಡು ಬಂತು ಅಂತ ಅರ್ಥ. ಹಗಲಾದರೆ ಚೇಣಿಯವರು, ಅಂದರೆ ಫಸಲು ಗುತ್ತಿಗೆ ಹಿಡಿದವರು, ಅಡಿಕೆ ಸಾಗಿಸಿದರು. ರಾತ್ರಿಯಾದರೆ ನಾಲ್ಕು ಮನೆಗೆ ಫೋನು ಹೋಗುತ್ತದೆ. ಎರಡು ಸಾವಿರದ ಸೆನ್ಸರ್‌ಗೆ ಇದು ಎರಡು ಟಿಂಗ್ ಟಾಂಗ್, ಎರಡೂ ಒಂದೇ.

ಹಾದುಹೋಗುವ ಗಾಡಿ ಅಷ್ಟು ದೊಡ್ಡ ಸುದ್ದಿಯಲ್ಲ. ನಿಂತದ್ದು ಸುದ್ದಿ. ಎಂಜಿನ್ನು ಬಂದ್ ಆಯಿತು, ಬಾಗಿಲು ಹಾಕಿದ ಸದ್ದು ಬಂತು ಅಂದರೆ ಯಾರೋ ಇಳಿದರು. ಬಾಗಿಲು ಎಷ್ಟು ಸಲ ಬಡಿಯಿತು ಅನ್ನುವುದರ ಮೇಲೆ ಅಮ್ಮ ಅನ್ನಕ್ಕೆ ಇಡುವ ಅಕ್ಕಿ ಎಷ್ಟು ಅಂತ ತೀರ್ಮಾನ ಮಾಡಿದ್ದೂ ಇದೆ. ಬಾಗಿಲು ಬಡಿಯದೆ ಎಂಜಿನ್ ಮಾತ್ರ ನಿಂತರೆ ಅದು ನೆಟ್‌ವರ್ಕ್ ಹುಡುಕುತ್ತಿರುವ ಪೇಟೆಯ ಹುಡುಗರು, ಇಲ್ಲವೇ ದಾರಿ ತಪ್ಪಿದವರು. ಮ್ಯಾಪ್ ನೋಡಿಕೊಂಡು ಶೃಂಗೇರಿಗೆ ಹೊರಟವರು ನಮ್ಮ ಅಂಗಳಕ್ಕೆ ಬಂದು ನಿಂತ ಉದಾಹರಣೆ ಬೇಕಾದಷ್ಟಿದೆ.

ಬಸ್ಸಿನದು ಇನ್ನೂ ಬೇರೆ, ಅದು ಗಡಿಯಾರ. ನಮ್ಮ ಕಡೆ ಹಿರಿಯರು "ಸಹಕಾರ ಸಾರಿಗೆ ಹೋಯ್ತು, ಸ್ನಾನಕ್ಕೆ ನೀರು ಬಿಸಿಯಾಯ್ತಾ" ಅನ್ನುತ್ತಿದ್ದವರು. ಕಾರ್ಮಿಕರೇ ಸೇರಿಕೊಂಡು 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಂಸ್ಥೆ ಅದು. 2020ರಲ್ಲಿ ಬಸ್ಸುಗಳು ನಿಂತಾಗ ಎಷ್ಟೋ ಒಳದಾರಿಯ ಜನರಿಗೆ ಓಡಾಟ ನಿಂತದ್ದು ಒಂದು ಕಡೆ, ಹೊತ್ತು ತಿಳಿಯುವ ದಾರಿ ತಪ್ಪಿದ್ದು ಇನ್ನೊಂದು ಕಡೆ.

ರಾತ್ರಿಗೆ ನಿಯಮ ಬದಲಾಗುತ್ತದೆ. ನೆಲ ತಣ್ಣಗಾಗಿ, ನೆಲಕ್ಕೆ ತಾಗಿದ ಗಾಳಿ ಮೇಲಿನದಕ್ಕಿಂತ ತಂಪಾದಾಗ ಸದ್ದು ಮೇಲೆ ಹೋಗುವ ಬದಲು ಬಾಗಿ ಕೆಳಗೇ ಬರುತ್ತದೆ. ಅದಕ್ಕೇ ಚಳಿಗಾಲದ ರಾತ್ರಿ ದೂರದ ಟಾರು ರಸ್ತೆಯ ಲಾರಿ ಮನೆ ಹಿಂದೆಯೇ ಇದ್ದ ಹಾಗೆ ಕೇಳುತ್ತದೆ. ಜೊತೆಗೆ ಬೆಳಕು. ತಿರುವಿನಲ್ಲಿ ಹೆಡ್‌ಲೈಟ್ ಅಡಿಕೆ ಮರಗಳ ಮೇಲೆ ಸರಿದು ಬರುವುದನ್ನು ಕಿಟಕಿಯಲ್ಲಿ ನೋಡಿದರೆ ಎರಡು ಚಕ್ರದ್ದಾ ನಾಲ್ಕು ಚಕ್ರದ್ದಾ ಗೊತ್ತಾಗುತ್ತದೆ. 2017ರ ಏಪ್ರಿಲ್‌ನಿಂದ ಬರುವ ಬೈಕ್‌ಗಳಲ್ಲಿ ಲೈಟು ಹಗಲೂ ಉರಿಯುತ್ತದೆ, ಆರಿಸಲು ಸ್ವಿಚ್ಚೇ ಇಲ್ಲ. ಅಂದರೆ ರಾತ್ರಿ ಲೈಟಿಲ್ಲದೆ ಒಂದು ಬೈಕು ಬರುತ್ತಿದೆ ಅಂದರೆ ಅದು ಹಳೇ ಗಾಡಿ, ಅಥವಾ ಬೇಕಂತಲೇ ಏನೋ ಮಾಡಿಸಿಕೊಂಡ ಗಾಡಿ. ಇನ್ನು ಗದ್ದೆ ಬಯಲಿನ ಟಿಟ್ಟಿಭ ಹಕ್ಕಿ ಇದೆಯಲ್ಲ, ರಾತ್ರಿ ಯಾರು ಹಾದರೂ ಕಿರುಚುತ್ತದೆ. ನಾಯಿಗಳ ವಿಷಯ ನಿಮಗೇ ಗೊತ್ತು. ಮನೆಯವರ ಬೈಕಿಗೆ ಬಾಲ, ಬೇರೆಯವರ ಬೈಕಿಗೆ ಬೊಗಳು. ಯಾವ ಸೆನ್ಸರ್‌ನಲ್ಲಿ ಈ ಫೀಚರ್ ಇದೆ?

ಸರಿ, ಈಗ ಸೆನ್ಸರ್‌ಗೆ ಬರೋಣ. ಇದು ಕೆಲಸ ಮಾಡುವುದು ಶಾಖದ ಮೇಲೆ. ಮನುಷ್ಯ, ದನ, ಓಡಿ ಬಿಸಿಯಾದ ಎಂಜಿನ್ನು ಎಲ್ಲದರಿಂದ ಕಣ್ಣಿಗೆ ಕಾಣದ ಅವಗೆಂಪು ಕಿರಣ ಹೊರಡುತ್ತದೆ. ಒಳಗೆ ಅಕ್ಕಪಕ್ಕ ಎರಡು ಪುಟ್ಟ ಪಟ್ಟಿಗಳಿವೆ. ಬಿಸಿಯಾದದ್ದು ಒಂದರ ಮುಂದಿನಿಂದ ಇನ್ನೊಂದರ ಮುಂದೆ ಸರಿದಾಗ ಆಗುವ ವ್ಯತ್ಯಾಸ ಹಿಡಿದು ಗಂಟೆ ಬಾರಿಸುತ್ತದೆ. ಇದನ್ನು ತಿಳಿದುಕೊಂಡರೆ ಎಲ್ಲಿ ಹೊಡೆಯಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಗಾಡಿ ಅದರ ಎದುರು ಅಡ್ಡ ಹಾಯಬೇಕು. ದಾರಿಗೆ ಮುಖ ಮಾಡಿ, ಗಾಡಿ ನೇರ ಅದರ ಮೇಲೆ ಬರುವ ಹಾಗೆ ಹಾಕಿದರೆ ತಡವಾಗಿ ಹಿಡಿಯುತ್ತದೆ. ಎತ್ತರ ಸೊಂಟದ ಮಟ್ಟಕ್ಕಿದ್ದರೆ ಒಳ್ಳೆಯದು. ಅದಕ್ಕಿಂತ ಕೆಳಗೆ ಹಾಕಿದರೆ ಕೋಳಿಗೂ ಬೆಕ್ಕಿಗೂ ಗಂಟೆ. ದಾರಿಯಿಂದ ಎರಡು ಮೂರು ಮೀಟರ್ ಒಳಗಿರಬೇಕು.

ಬೈಕು, ಜೀಪು, ಕಾರು, ನಡೆದು ಬರುವವರು ಎಲ್ಲರನ್ನೂ ಚೆನ್ನಾಗಿ ಹಿಡಿಯುತ್ತದೆ. ಅದಕ್ಕೆ ಪೂರ್ತಿ ಮಾರ್ಕು. ಚಳಿಗಾಲದ ಬೆಳಿಗ್ಗೆ ಪಕ್ಕದ ಮನೆಯಿಂದ ಆಗಷ್ಟೇ ಸ್ಟಾರ್ಟ್ ಮಾಡಿ ಹೊರಟ ಕಾರನ್ನು ಮಾತ್ರ ಕೆಲವು ಸಲ ಬಿಡುತ್ತದೆ, ಎಂಜಿನ್ ಇನ್ನೂ ತಣ್ಣಗೆ, ಒಳಗಿನವರು ಗಾಜು ಏರಿಸಿ ಕೂತಿರುತ್ತಾರೆ, ಗಾಜಿನಾಚೆಯ ಮೈಶಾಖ ಇದಕ್ಕೆ ಕಾಣುವುದಿಲ್ಲ. ಅದು ದೊಡ್ಡ ತೊಂದರೆ ಅಲ್ಲ, ಹೊರಗಿನಿಂದ ಬರುವ ಗಾಡಿ ಬಿಸಿಯಾಗಿಯೇ ಬಂದಿರುತ್ತದೆ.

ತೊಂದರೆ ಸುಳ್ಳು ಗಂಟೆಯದು. ಮೇಯಲು ಬಿಟ್ಟ ದನ ಗಂಟೆ ಬಾರಿಸುತ್ತದೆ, ನಾಯಿ ಬಾರಿಸುತ್ತದೆ, ಮಂಗಗಳ ಹಿಂಡು ಇಳಿದರೆ ಗಂಟೆ ನಿಲ್ಲುವುದೇ ಇಲ್ಲ. ಮಧ್ಯಾಹ್ನ ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲ್ಲಾಡಿದರೂ ಬಾರಿಸುತ್ತದೆ. ಮುಂದಿನ ಗಿಡಗಂಟಿ ಸವರಿ ಇಟ್ಟರೆ ಅರ್ಧ ಕಡಿಮೆಯಾಗುತ್ತದೆ, ಆದರೆ ಮಲೆನಾಡಿನಲ್ಲಿ ಸವರಿದ್ದು ಎಷ್ಟು ದಿನ ಹಾಗೇ ಇರುತ್ತದೆ? ಸುಳ್ಳು ಗಂಟೆಯ ಅಪಾಯ ಕಿರಿಕಿರಿ ಅಲ್ಲ. ಒಂದಷ್ಟು ದಿನ ಆದ ಮೇಲೆ ಮನೆಯವರು ಎದ್ದು ನೋಡುವುದನ್ನೇ ಬಿಡುತ್ತಾರೆ. "ಓ ಅದು ದನ ಇರಬೇಕು" ಅನ್ನುವ ಮಾತು ಶುರುವಾದರೆ ಸೆನ್ಸರ್ ಇದ್ದೂ ಇಲ್ಲ. ನಮ್ಮಲ್ಲಿ ಈಗ ನಡೆಯುವುದು ಏನು ಗೊತ್ತಾ, ಗಂಟೆ ಬಾರಿಸುತ್ತದೆ, ಅಮ್ಮ ಒಂದು ಕ್ಷಣ ಕಿವಿಗೊಟ್ಟು ಕೇಳುತ್ತಾರೆ, ಎಂಜಿನ್ ಸದ್ದು ಇದ್ದರೆ ಎದ್ದು ಹೋಗುತ್ತಾರೆ. ಯಂತ್ರ ಕಿವಿಯನ್ನು ಎಬ್ಬಿಸುತ್ತದೆ, ತೀರ್ಪು ಕಿವಿಯದ್ದೇ.

ಇನ್ನೊಂದು ಕೊರತೆ ದಿಕ್ಕಿನದು. ಒಳಗೆ ಬಂದರೂ ಟಿಂಗ್ ಟಾಂಗ್, ಹೊರಗೆ ಹೋದರೂ ಟಿಂಗ್ ಟಾಂಗ್. ಇದಕ್ಕೆ ಉಪಾಯ ಇದೆ. ಒಂದೇ ಗಂಟೆಗೆ ಎರಡು ಸೆನ್ಸರ್ ಜೋಡಿಸಬಹುದಾದ ಮಾದರಿ ತೆಗೆದುಕೊಳ್ಳಿ, ಎರಡಕ್ಕೂ ಬೇರೆ ಬೇರೆ ರಾಗ ಇಡಿ, ದಾರಿಯಲ್ಲಿ ಸ್ವಲ್ಪ ಅಂತರ ಬಿಟ್ಟು ಹೊಡೆಯಿರಿ. ಯಾವ ರಾಗ ಮೊದಲು ಬಂತು ಅನ್ನುವುದರ ಮೇಲೆ ದಿಕ್ಕು ಗೊತ್ತಾಗುತ್ತದೆ. ಸೆನ್ಸರ್ ಒಂದನ್ನೇ ಬಿಡಿಯಾಗಿ ಕೊಡುವ ಕಂಪನಿಯಾದರೆ ಇದಕ್ಕೆ ಖರ್ಚು ಜಾಸ್ತಿ ಆಗುವುದಿಲ್ಲ.

ದೂರದ ಬಗ್ಗೆ ಡಬ್ಬಿ ಮೇಲೆ ಬರೆದದ್ದನ್ನು ನಂಬಬೇಡಿ. ಅದು ಬಯಲಿನ ಲೆಕ್ಕ, ಮಧ್ಯೆ ಗೋಡೆ ಮರ ಗುಡ್ಡ ಇಲ್ಲದ ಜಾಗದ್ದು. ಇಂಥವು ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ತರಂಗದಲ್ಲಿ ಮಾತಾಡುತ್ತವೆ. ಗೋಡೆ ದಾಟುತ್ತದೆ, ಗುಡ್ಡ ದಾಟುವುದಿಲ್ಲ. ನೆನೆದ ಮರಗಳ ನಡುವೆ ಇನ್ನಷ್ಟು ಸೊರಗುತ್ತದೆ. ನಮ್ಮ ಮನೆಯಲ್ಲಿ ಗಂಟೆಯನ್ನು ಅಟ್ಟಕ್ಕೆ ಏರಿಸಿದ ಮೇಲೆ ಮಳೆಯಲ್ಲೂ ಸರಿಯಾಗಿ ಹಿಡಿಯುತ್ತಿದೆ. ಕೊಳ್ಳುವ ಮೊದಲು ವಾಪಸ್ ಮಾಡುವ ಅವಕಾಶ ಇದೆಯಾ ನೋಡಿಕೊಳ್ಳಿ, ನಿಮ್ಮ ಗುಡ್ಡ ಏನು ಹೇಳುತ್ತದೆ ಅಂತ ಹಾಕಿಯೇ ನೋಡಬೇಕು.

ಮಳೆಗಾಲ ಅಂದೆನಲ್ಲ. ಆಗುಂಬೆ ನಮಗೆ ದೂರ ಇಲ್ಲ, ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಇಂಥ ವಸ್ತು ಹಾಳಾಗೋಕೆ ಸಾಕಾಗುವಷ್ಟಿದೆ. ಸೆನ್ಸರ್ ಮೇಲೆ ಹಳೇ ಎಣ್ಣೆ ಡಬ್ಬಿ ಕತ್ತರಿಸಿ ಮಾಡು ಹಾಕಿದ್ದೇವೆ. ನೀರು ಒಳಗೆ ಹೋಗಲಿಲ್ಲ. ಹೋದದ್ದು ಇರುವೆ. ಸೆಲ್ ಇರುವ ಗೂಡಿನಲ್ಲಿ ಮೊಟ್ಟೆ ಸಮೇತ ಸಂಸಾರ ಹೂಡಿದ್ದವು. ಮುಚ್ಚಳದ ಸುತ್ತ ಟೇಪ್ ಸುತ್ತಿದರೆ ಮುಗಿಯಿತು.

ಕ್ಯಾಮೆರಾ ಬೇರೆ ಜಾತಿ. ಬೆಲೆ ಇದರ ಎರಡು ಮೂರು ಪಟ್ಟು, ಮೇಲಿಂದ ಸಿಮ್ಮಿನ ರೀಚಾರ್ಜು. ಚಿತ್ರ ಚೆನ್ನಾಗಿ ಬರುತ್ತದೆ, ಬೆಂಗಳೂರಿನಲ್ಲಿರುವ ತಂಗಿ ಫೋನಿನಲ್ಲೇ ಗೇಟು ನೋಡುತ್ತಾಳೆ, ಅಲ್ಲಿಗೆ ಒಳ್ಳೆಯ ಮಾತು ಮುಗಿಯಿತು. ನೆಟ್‌ವರ್ಕ್ ಒಂದು ಕಡ್ಡಿ ಎರಡು ಕಡ್ಡಿ ಇರುವ ಜಾಗದಲ್ಲಿ "ವಾಹನ ಕಂಡುಬಂದಿದೆ" ಅಂತ ಫೋನಿಗೆ ಸಂದೇಶ ಬರುವಷ್ಟರಲ್ಲಿ ಬಂದವರಿಗೆ ಕಾಫಿ ಕೊಟ್ಟಾಗಿರುತ್ತದೆ. ಜುಲೈ ತಿಂಗಳಲ್ಲಿ ವಾರಗಟ್ಟಲೆ ಬಿಸಿಲಿಲ್ಲ, ಸೋಲಾರ್ ಪ್ಲೇಟು ಇದ್ದದ್ದು ಹೆಸರಿಗೆ, ಬ್ಯಾಟರಿ ಬಿಚ್ಚಿ ಮನೆಗೆ ತಂದು ಚಾರ್ಜ್ ಮಾಡುವ ಕೆಲಸ. ಅತ್ತ ಕಳ್ಳರಿಗೂ ಗೊತ್ತಿರುತ್ತದೆ ಮಳೆಯ ಸದ್ದಿಗೆ ಯಾರಿಗೂ ಏನೂ ಕೇಳುವುದಿಲ್ಲ ಅಂತ. ಅಂದರೆ ಕಿವಿ ಕೈಕೊಡುವ ತಿಂಗಳಲ್ಲೇ ಕ್ಯಾಮೆರಾವೂ ಕೈಕೊಡುತ್ತದೆ. ಇದನ್ನು ಯಾವ ಜಾಹೀರಾತಿನಲ್ಲೂ ಹೇಳುವುದಿಲ್ಲ.

ರಾತ್ರಿ ಇನ್ನೊಂದು ತಮಾಷೆ. ಕ್ಯಾಮೆರಾದ ಅವಗೆಂಪು ದೀಪದ ಬೆಳಕು ಈಗಿನ ಹೊಳೆಯುವ ನಂಬರ್ ಪ್ಲೇಟಿಗೆ ಬಿದ್ದು ಪೂರ್ತಿ ವಾಪಸ್ ಬರುತ್ತದೆ. ಗಾಡಿ ಕಾಣುತ್ತದೆ, ಪ್ಲೇಟಿನ ಜಾಗದಲ್ಲಿ ಬಿಳಿ ಚೌಕ. ನಂಬರು ಬೇಕು ಅಂತಲೇ ಹಾಕಿಸುವವರು ಇದನ್ನು ಅಂಗಡಿಯಲ್ಲೇ ಕೇಳಬೇಕು. ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದರೆ ರಾತ್ರಿಯಿಡೀ ಅದೇ ಹೊಳೆಯುತ್ತ ಫೋನು ಕುಯ್ಯೋ ಅನ್ನುತ್ತದೆ. ಮಾದರಿ ಆರಿಸುವಾಗ ಮನುಷ್ಯ ಮತ್ತು ವಾಹನವನ್ನು ಗುರುತಿಸಿ ಬೇರೆಯದನ್ನು ಬಿಡುವ ಸೌಲಭ್ಯ ಇರುವುದನ್ನೇ ನೋಡಿ, ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹಾಗೆಯೇ 2025ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದ್ದಾರೆ. ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯಾದ ಎಸ್‌ಟಿಕ್ಯೂಸಿಯ ಪ್ರಮಾಣಪತ್ರ ಇದೆಯಾ ಅಂತ ಕೇಳಿ. ಸಂತೆಯಲ್ಲಿ ಸಿಕ್ಕಿತು ಅಂತ ಹೆಸರಿಲ್ಲದ್ದನ್ನು ತಂದರೆ ನಿಮ್ಮ ಗೇಟನ್ನು ಇನ್ಯಾರು ನೋಡುತ್ತಿದ್ದಾರೆ ಅಂತ ನಿಮಗೇ ಗೊತ್ತಿರುವುದಿಲ್ಲ.

ಈಗ ನನ್ನ ಮೆಚ್ಚಿನ ವಸ್ತು. ದನ ಒಳಗೆ ಬರಬಾರದು ಅಂತ ದಾರಿಗೆ ಅಡ್ಡ ಹೊಂಡ ತೋಡಿ, ಅದರ ಮೇಲೆ ಸಂದು ಬಿಟ್ಟು ಕಬ್ಬಿಣದ ಪೈಪು ಹಾಸುತ್ತಾರಲ್ಲ, ಅದು. ಮೊದಲು ಉಣುಗೋಲು ಇತ್ತು, ಗಾಡಿಯಿಂದ ಇಳಿದು ಕೋಲು ಸರಿಸಿ ದಾಟಿ ಮತ್ತೆ ಹಾಕಬೇಕಿತ್ತು. ಆ ಕೋಲಿನ ಸದ್ದೇ ಕರೆಗಂಟೆ. ಈಗ ಪೈಪು. ಇದನ್ನು ಯಾರೂ ಅಲಾರ್ಮ್ ಅಂತ ಮಾಡಿಸುವುದಿಲ್ಲ, ಆದರೆ ಇಷ್ಟು ಒಳ್ಳೆಯ ಅಲಾರ್ಮ್ ನಾನು ಬೇರೆ ನೋಡಿಲ್ಲ. ಕಾರು ದಾಟಿದರೆ ಎರಡು ಸಲ ಗುಡುಗು, ಮುಂದಿನ ಚಕ್ರದ್ದೊಂದು ಹಿಂದಿನದ್ದೊಂದು. ಬೈಕಾದರೆ ತೆಳ್ಳಗೆ ಕಟಕಟ. ಲೋಡಿನ ಪಿಕಪ್ಪಾದರೆ ಪೈಪು ನರಳುತ್ತದೆ. ದನಕ್ಕೆ ಸುಳ್ಳು ಗಂಟೆ ಇಲ್ಲ, ಯಾಕಂದರೆ ದನ ದಾಟುವುದೇ ಇಲ್ಲ. ಸೆಲ್ ಬೇಡ, ಮಳೆಗೆ ಹೆದರುವುದಿಲ್ಲ. ಎಲೆಕ್ಟ್ರಿಕ್ ಗಾಡಿಯನ್ನೂ ಬಿಡುವುದಿಲ್ಲ. ಖರ್ಚು ಮಾತ್ರ ಹತ್ತಾರು ಸಾವಿರ, ಪೈಪು, ವೆಲ್ಡಿಂಗು, ಎರಡು ಬದಿ ಕಾಂಕ್ರೀಟು ಎಲ್ಲ ಸೇರಿ. ಮಳೆಯಲ್ಲಿ ಬೈಕು ಜಾರುತ್ತದೆ, ವಯಸ್ಸಾದವರು ನಡೆದು ದಾಟೋದು ಕಷ್ಟ, ಪಕ್ಕದಲ್ಲಿ ಕಾಲುದಾರಿ ಬಿಡಲೇಬೇಕು. ಆ ಕಾಲುದಾರಿಯಲ್ಲಿ ನಡೆದು ಬಂದವರಿಗೆ ಸದ್ದಿಲ್ಲ, ಅದೊಂದು ಕೊರತೆ. ಕೆಳಗಿನ ಮನೆಯವರು ಹಾಕಿಸಿದ ಪೈಪಿನ ಸದ್ದು ನಮ್ಮನೆಗೂ ಬರುತ್ತದೆ, ಪುಕ್ಕಟೆ.

ಹೊರದೇಶಗಳ ಹಳ್ಳಿಮನೆಗಳಲ್ಲಿ ಇನ್ನೊಂದು ಬಗೆ ಇದೆ. ದಾರಿ ಪಕ್ಕ ಮಣ್ಣಿನಲ್ಲಿ ಹೂಳುವ ಕೊಳವೆಯಂಥ ಸೆನ್ಸರ್. ದೊಡ್ಡ ಕಬ್ಬಿಣದ ವಸ್ತು ಹತ್ತಿರ ಚಲಿಸಿದರೆ ಅಲ್ಲಿನ ಕಾಂತಕ್ಷೇತ್ರ ಸ್ವಲ್ಪ ಕದಲುತ್ತದೆ, ಅದನ್ನು ಹಿಡಿಯುತ್ತದೆ. ದನ ನಾಯಿ ಮಂಗ ಯಾವುದಕ್ಕೂ ಬಾರಿಸುವುದಿಲ್ಲ, ಗಾಡಿಗೆ ಮಾತ್ರ. ಮಲೆನಾಡಿಗೆ ಹೇಳಿ ಮಾಡಿಸಿದ ಹಾಗಿದೆ. ನಾನು ಬಳಸಿಲ್ಲ, ಇಲ್ಲಿಗೆ ತರಿಸಿದರೆ ಬೆಲೆ ನಾಲ್ಕೈದು ಪಟ್ಟು ಆಗುತ್ತದೆ. ಇದನ್ನು ನಮ್ಮಲ್ಲೇ ಯಾರಾದರೂ ಅಗ್ಗಕ್ಕೆ ಮಾಡಿಕೊಟ್ಟರೆ ತೋಟದ ಮನೆಯವರೆಲ್ಲ ಸಾಲು ನಿಲ್ಲುತ್ತಾರೆ, ಬರೆದಿಟ್ಟುಕೊಳ್ಳಿ.

ಮೂರನೆಯ ಕಾರಣಕ್ಕೆ ಆಮೇಲೆ ಬರುತ್ತೇನೆ ಅಂದಿದ್ದೆ. ಟು ಸ್ಟ್ರೋಕ್ ಹೋಯಿತು. 2020ರಲ್ಲಿ ಬಿಎಸ್ 6 ಅನ್ನುವ ಹೊಗೆಯ ನಿಯಮ ಬಂತು, ಈಗಿನ ಬೈಕು ತಿರುವಿಗೆ ಬರುವವರೆಗೂ ಕೇಳುವುದಿಲ್ಲ. ಮಣ್ಣು ದಾರಿಗೆ ಕಾಂಕ್ರೀಟು ಬಿದ್ದ ಕಡೆ ಕಲ್ಲು ಚಿಮ್ಮುವ ಸದ್ದೂ ಇಲ್ಲ, ಧೂಳೂ ಇಲ್ಲ. ಬೇಸಿಗೆಯಲ್ಲಿ ಎದ್ದ ಧೂಳು ನೋಡಿಯೇ ಗಾಡಿ ಎಲ್ಲಿದೆ ಅಂತ ಹೇಳುತ್ತಿದ್ದೆವು. ಈಗ ಎಲೆಕ್ಟ್ರಿಕ್ ಸ್ಕೂಟರ್ ಬಂದಿದೆ. ನಮ್ಮ ಕಡೆಗೂ ಬರುತ್ತದೆ, ಸಂಘದ ಪಿಗ್ಮಿ ದುಡ್ಡು ಕಟ್ಟಿಸಿಕೊಳ್ಳುವ ಹುಡುಗ ಅದರಲ್ಲೇ ಓಡಾಡುತ್ತಾನೆ. ಅಂಗಳಕ್ಕೆ ಬಂದು "ಅಮ್ಮಾ" ಅಂತ ಕೂಗಿದ ಮೇಲೇ ಗೊತ್ತಾಗುವುದು. ನಾಯಿ ಕೂಡ ಆಮೇಲೆ ಎದ್ದು ನಾಚಿಕೆಯಿಂದ ಬೊಗಳುತ್ತದೆ. ಯುರೋಪಿನಲ್ಲಿ 2019ರಿಂದ ಹೊಸ ಮಾದರಿಯ, 2021ರಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳು ನಿಧಾನ ಹೋಗುವಾಗ ಬೇಕಂತಲೇ ಸದ್ದು ಮಾಡಬೇಕು ಅನ್ನುವ ನಿಯಮ ಇದೆ. ನಮ್ಮಲ್ಲೂ 2025ರಲ್ಲಿ ಅಂಥದ್ದೊಂದು ಕರಡು ಬಂತು. ಕಾರು, ಬಸ್ಸು, ಲಾರಿಗೆ. ಸ್ಕೂಟರಿಗಲ್ಲ.

ಹಾಗಾಗಿ ಈ ಸೆನ್ಸರ್‌ನ ನಿಜವಾದ ಉಪಯೋಗ ಕಳ್ಳರನ್ನು ಹಿಡಿಯುವುದರಲ್ಲಿ ಇಲ್ಲ. ಸದ್ದಿಲ್ಲದ ಗಾಡಿಗಳ ಕಾಲದಲ್ಲಿ ಯಾರೋ ಬರುತ್ತಿದ್ದಾರೆ ಅಂತ ಅರ್ಧ ನಿಮಿಷ ಮುಂಚೆ ತಿಳಿಯುವುದು. ಆ ಅರ್ಧ ನಿಮಿಷದಲ್ಲಿ ಅಪ್ಪಯ್ಯ ಶರ್ಟು ಹಾಕಿಕೊಳ್ಳುತ್ತಾರೆ, ಅಮ್ಮ ಹಾಲಿಗೆ ಉರಿ ಕಡಿಮೆ ಮಾಡುತ್ತಾರೆ. ನನಗೆ ಅದಕ್ಕೆ ಎರಡು ಸಾವಿರ ಜಾಸ್ತಿ ಅನ್ನಿಸಲಿಲ್ಲ.

ಒಂದು ಮಾತು ಊರಿನ ಲೆಕ್ಕದಲ್ಲಿ. ಕ್ಯಾಮೆರಾ ಹಾಕಿದ ದಿನವೇ ಮೇಲಿನ ಮನೆಯವರು ನಗುತ್ತಲೇ ಕೇಳಿದರು, "ನಾವು ಎಷ್ಟೊತ್ತಿಗೆ ಬರ್ತೀವಿ ಹೋಗ್ತೀವಿ ಅಂತ ಲೆಕ್ಕ ಇಡ್ತೀರೇನ್ರೀ?" ಅಂತ. ಅವರು ಬಂದದ್ದು ಹೋದದ್ದು ಅಮ್ಮನಿಗೆ ಇಷ್ಟು ವರ್ಷ ಗೊತ್ತಾಗುತ್ತಲೇ ಇತ್ತು, ಅದಕ್ಕೆ ಯಾರಿಗೂ ಬೇಜಾರಿರಲಿಲ್ಲ. ಅಮ್ಮನ ಬಗ್ಗೆ ಅವರಿಗೂ ಅಷ್ಟೇ ಗೊತ್ತಿತ್ತು, ಸಮ ಸಮ. ಕ್ಯಾಮೆರಾ ಒಂದೇ ಕಡೆ ನೋಡುತ್ತದೆ, ಮರೆಯುವುದೂ ಇಲ್ಲ. ಅದನ್ನು ದಾರಿಯಿಂದ ತಿರುಗಿಸಿ ನಮ್ಮ ಗೇಟು, ಅಂಗಳ ಮಾತ್ರ ಕಾಣುವ ಹಾಗೆ ಇಟ್ಟಿದ್ದೇವೆ. ನೀವೂ ಹಾಗೇ ಮಾಡಿ. ಸೆನ್ಸರ್ ಬಗ್ಗೆ ಯಾರೂ ಏನೂ ಅನ್ನಲಿಲ್ಲ, ಅದಕ್ಕೆ ಮುಖ ಗೊತ್ತಾಗುವುದಿಲ್ಲವಲ್ಲ.

ಯಾರು ಕೊಳ್ಳಬಹುದು? ದಾರಿ ಕಾಣದ ಹಾಗೆ ಮನೆ ಇರುವವರು, ಹಗಲಿಡೀ ಮೆಷಿನ್ ಓಡಿಸುವವರು, ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟು ಪೇಟೆಯಲ್ಲಿರುವವರು. ಕಿವಿ ಮಂದವಾದವರಿಗೆ ಗಂಟೆಯ ಜೊತೆ ದೀಪವೂ ಮಿನುಗುವ ಮಾದರಿ ತನ್ನಿ. ದನ ಬಿಟ್ಟು ಮೇಯಿಸುವ ಊರಾದರೆ ಎರಡು ಸಲ ಯೋಚನೆ ಮಾಡಿ. ಒಟ್ಟಿಗೆ ಹತ್ತಾರು ಸಾವಿರ ಹಾಕುವ ಶಕ್ತಿ ಇದ್ದರೆ, ಅಕ್ಕಪಕ್ಕದವರು ಪಾಲು ಹಾಕಿಕೊಳ್ಳಲು ಒಪ್ಪಿದರೆ ಪೈಪೇ ಹಾಕಿಸಿ. ಕ್ಯಾಮೆರಾ ಬೇಕೇ ಬೇಕು ಅನ್ನುವವರು ಸೋಲಾರ್ ಬಿಟ್ಟು ಮನೆಯ ಕರೆಂಟಿನಿಂದ ವೈರ್ ಎಳೆಯಿರಿ, ಯುಪಿಎಸ್ ಇದ್ದರೆ ಅದಕ್ಕೇ ಕೊಡಿ. ಸೆನ್ಸರ್‌ಗೆ ಮೇ ಕೊನೆಯಲ್ಲಿ ಹೊಸ ಸೆಲ್ ಹಾಕಿ ಮುಚ್ಚಳಕ್ಕೆ ಟೇಪ್ ಸುತ್ತಿಬಿಡಿ, ಮಳೆ ಹಿಡಿದ ಮೇಲೆ ಕೊಡೆ ಹಿಡಿದುಕೊಂಡು ಮರದ ಹತ್ತಿರ ಸ್ಕ್ರೂ ಬಿಚ್ಚುವಷ್ಟರಲ್ಲಿ ಕಾಲಿಗೆ ಉಂಬಳ (ಜಿಗಣೆ) ಹತ್ತಿರುತ್ತದೆ.